ಕರಪತ್ರದಲ್ಲಿ ಬರೆಯದೆ ಬಿಟ್ಟ ಕೆಲಸಗಳು: ನಮ್ಮ ವಾರ್ಡಿನ ಸದಸ್ಯೆಗೆ ಬಹಿರಂಗ ಪತ್ರ

ಅಕ್ಕ, ನಮಸ್ಕಾರ.

ನೀವು ಮತ್ತೆ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಿದ್ದೀರಿ. ನಿಮ್ಮ ಕರಪತ್ರ ನಮ್ಮ ಮನೆಗೂ ಬಂತು. ಅದರಲ್ಲಿ ಮೂರು ಮಾತು ದಪ್ಪ ಅಕ್ಷರದಲ್ಲಿವೆ. ಶಾಲೆಗೆ ಸ್ಮಾರ್ಟ್ ಕ್ಲಾಸ್. ಊರಿನ ಸುರಕ್ಷತೆಗೆ ಸಿಸಿಟಿವಿ ಕ್ಯಾಮೆರಾ. ಎಲ್ಲರೂ ಒಂದೆಡೆ ಸೇರಲು ಸಮುದಾಯ ಭವನ. ಬೇರೆ ಕರಪತ್ರಗಳಲ್ಲಿ ಫೋಟೊ, ಚಿಹ್ನೆ ಬಿಟ್ಟರೆ ಜಾಸ್ತಿ ಏನೂ ಇಲ್ಲ. ನೀವು ಯೋಚಿಸಿ ಬರೆದಿದ್ದೀರಿ. ಅದಕ್ಕೇ ನಿಮಗೆ ಈ ಪತ್ರ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ವ್ಯಕ್ತಿ ನೋಡಿ, ಕೆಲಸ ನೋಡಿ ಓಟು ಹಾಕಬೇಕು ಅಂತಲೇ ಹಾಗೆ ಮಾಡಿದ್ದು. ನೀವು ಹೇಳಿರುವ ಮೂರೂ ಹೊಸದಾಗಿ ತರುವ, ಕಟ್ಟುವ ಕೆಲಸಗಳು. ಈಗಾಗಲೇ ಇರುವುದನ್ನು ಸರಿಯಾಗಿ ನಡೆಸುವ ಮಾತು ಎಲ್ಲೂ ಇಲ್ಲ. ಪಂಚಾಯಿತಿಯ ಕೈಯಲ್ಲಿ ನಿಜವಾಗಿ ಇರುವುದು ಆ ಕೆಲಸವೇ, ಅಲ್ವಾ?

ಶಾಲೆಯ ಮಾತು ಮೊದಲು. ನನ್ನ ಇಬ್ಬರು ಮಕ್ಕಳೂ ನಮ್ಮೂರ ಸರ್ಕಾರಿ ಶಾಲೆಗೇ ಹೋಗುತ್ತಾರೆ. ಅವರ ಜೊತೆಯವರಲ್ಲಿ ಎಷ್ಟೋ ಮಕ್ಕಳು ಬೆಳಿಗ್ಗೆ ವ್ಯಾನ್ ಹತ್ತಿ ಪಟ್ಟಣದ ಶಾಲೆಗೆ ಹೋಗುತ್ತಾರೆ. ಇಂಗ್ಲಿಷಿನ ಆಸೆ ಒಂದು ಕಾರಣ, ನಿಜ. ಆದರೆ ತಾಯಂದಿರ ಹತ್ತಿರ ಕೂತು ಮಾತಾಡಿ ನೋಡಿ, ಬೇರೆಯೂ ಹೇಳುತ್ತಾರೆ. ಶೌಚಾಲಯ ಇದೆ, ನೀರಿಲ್ಲ. ದೊಡ್ಡ ತರಗತಿಯ ಹೆಣ್ಣುಮಕ್ಕಳು ಮಧ್ಯಾಹ್ನದವರೆಗೂ ನೀರು ಕುಡಿಯದೆ ಇರುತ್ತಾರೆ. ತಿಂಗಳಲ್ಲಿ ಕೆಲವು ದಿನ ಶಾಲೆಗೇ ಬರುವುದಿಲ್ಲ. ಸ್ಮಾರ್ಟ್ ಬೋರ್ಡ್ ಇದನ್ನು ಸರಿ ಮಾಡುವುದಿಲ್ಲ.

ನೀರು ಯಾಕಿಲ್ಲ ಎಂದು ವಿಚಾರಿಸಿದರೆ ಕಾರಣ ಬಹಳ ಚಿಕ್ಕದು. ನೀರುಗಂಟಿ ಬೆಳಗಿನ ಜಾವ ವಾಲ್ವ್ ತಿರುಗಿಸುತ್ತಾರೆ. ಆಗ ಶಾಲೆಗೆ ಬೀಗ. ಟ್ಯಾಂಕಿನ ಗೇಟ್‌ವಾಲ್ವ್ ಒಳಗಿದೆ, ತೆರೆಯುವವರು ಯಾರೂ ಇಲ್ಲ. ಮಕ್ಕಳು ಬರುವ ಹೊತ್ತಿಗೆ ನೀರು ನಿಂತಿರುತ್ತದೆ. ಇದಕ್ಕೆ ಬೆಂಗಳೂರಿನ ಆದೇಶ ಬೇಕಾ? ನೀರುಗಂಟಿ ಪಂಚಾಯಿತಿಯ ನೌಕರರು. ಶಾಲೆಯ ಸಾಲಿಗೆ ಹತ್ತು ಗಂಟೆಯ ಮೇಲೆ ಸ್ವಲ್ಪ ಹೊತ್ತು ನೀರು ಬಿಡಿ ಎಂದು ನೀವು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸೇರಿ ತೀರ್ಮಾನಿಸಿದರೆ ಸಾಕು. ದುಡ್ಡಿಲ್ಲ ಎನ್ನುವ ಮಾತಿಗೂ ಇಲ್ಲಿ ಜಾಗ ಇಲ್ಲ. 15ನೇ ಹಣಕಾಸು ಆಯೋಗ 2021ರಿಂದ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಎಂದು ಕಟ್ಟುಪಾಡು ಹಾಕಿತ್ತು. ಶಾಲೆಯ ಶೌಚಾಲಯ ಅದರೊಳಗೆ ಬರದಿದ್ದರೆ ಇನ್ನೇನು ಬರುತ್ತದೆ?

ಶಿಕ್ಷಕರ ನೇಮಕ ನಿಮ್ಮ ಕೈಯಲ್ಲಿಲ್ಲ, ಅದು ಶಿಕ್ಷಣ ಇಲಾಖೆಯದು. ಅದನ್ನು ನಿಮ್ಮಿಂದ ಕೇಳುವುದಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಥಳೀಯ ಸಂಸ್ಥೆಗಳ ಮೇಲೂ ಹೊಣೆ ಹೊರಿಸಿದೆ. ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳೆಲ್ಲರ ದಾಖಲೆ ಇಡಬೇಕು ಎನ್ನುತ್ತದೆ. ನಮ್ಮ ವಾರ್ಡಿನಲ್ಲಿ ಯಾವ ಮಗು ಶಾಲೆ ಬಿಟ್ಟಿದೆ, ಯಾವ ಮಗು ಕಬ್ಬು ಕಡಿಯಲು ಹೋದ ಅಪ್ಪ ಅಮ್ಮನ ಜೊತೆ ಊರೂರು ಸುತ್ತುತ್ತಿದೆ, ನಿಮಗೆ ಹೆಸರು ಸಹಿತ ಗೊತ್ತಿರಬೇಕು. ಶಿಕ್ಷಕಿಯರಿಗೆ ಗೊತ್ತು. ಒಂದು ಮಧ್ಯಾಹ್ನ ಶಾಲೆಗೆ ಬಂದು ಕೇಳಿ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸಭೆಯ ದಿನವೇ ಬಂದರೆ ಇನ್ನೂ ಒಳ್ಳೆಯದು.

ಮಕ್ಕಳ ಗ್ರಾಮ ಸಭೆಯ ಬಗ್ಗೆಯೂ ಹೇಳಬೇಕು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳಿಗಾಗಿಯೇ ಇಂಥ ಸಭೆ ನಡೆಯುತ್ತದೆ. ತುಂಬ ಒಳ್ಳೆಯ ಪದ್ಧತಿ. ಮಕ್ಕಳು ಎದ್ದು ನಿಂತು ಕೇಳುತ್ತಾರೆ. ಆಟದ ಬಯಲಲ್ಲಿ ಕಸ ಯಾಕೆ ಸುರಿಯುತ್ತಾರೆ, ಗ್ರಂಥಾಲಯ ಸಂಜೆ ಯಾಕೆ ತೆಗೆದಿರುವುದಿಲ್ಲ. ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ, ಫೋಟೊ ತೆಗೆಯುತ್ತಾರೆ. ಮುಂದಿನ ವರ್ಷ ಅದೇ ಮಕ್ಕಳು ಅದೇ ಪ್ರಶ್ನೆ ಕೇಳುತ್ತಾರೆ. ಹಿಂದಿನ ಸಭೆಯ ಪ್ರಶ್ನೆಗಳಿಗೆ ಏನಾಯಿತು ಎಂದು ಓದಿ ಹೇಳಿಯೇ ಹೊಸ ಸಭೆ ಶುರು ಮಾಡಿ, ಅಕ್ಕ. ಕೇಳಿದರೆ ಉತ್ತರ ಸಿಗುತ್ತದೆ ಎಂದು ಮಕ್ಕಳಿಗೆ ಈ ವಯಸ್ಸಿನಲ್ಲೇ ಗೊತ್ತಾಗಬೇಕು.

ಇನ್ನು ಸುರಕ್ಷತೆ. ಕ್ಯಾಮೆರಾ ಬೇಡ ಎನ್ನುವುದಿಲ್ಲ. ಕಳ್ಳತನ ಆದ ಮೇಲೆ ಯಾರು ಬಂದರು, ಹೋದರು ಎಂದು ನೋಡಲು ಅದು ಬೇಕು. ಆದರೆ ಬಸ್ಸಿಳಿದು ನಮ್ಮ ಕೇರಿಗೆ ಬರುವ ದಾರಿಯ ಕೊನೆಯ ಕಂಬಗಳಲ್ಲಿ ದೀಪವೇ ಇಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಹುಡುಗಿಯರು ಮೊಬೈಲ್ ಟಾರ್ಚ್ ಹಾಕಿಕೊಂಡು ಗುಂಪಾಗಿ ನಡೆಯುತ್ತಾರೆ. ಬೀದಿದೀಪ ಪಂಚಾಯಿತಿಯದೇ ಹೊಣೆ. ಮೊದಲು ದೀಪ, ಆಮೇಲೆ ಕ್ಯಾಮೆರಾ.

ನನ್ನನ್ನು ನಿಜವಾಗಿ ಕಾಡುವುದು ತೆರೆದ ಕೊಳವೆಬಾವಿಗಳು. ನಿಮ್ಮ ಕರಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ಬೇರೆ ಯಾರ ಕರಪತ್ರದಲ್ಲೂ ಇಲ್ಲ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಒಬ್ಬ ಹುಡುಗ ಬಿದ್ದ, ಉಳಿಯಲಿಲ್ಲ. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಒಬ್ಬ ಪುಟ್ಟ ಹುಡುಗಿ. ಅವಳೂ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವನ್ನು ಜೀವಂತ ಹೊರಗೆ ತೆಗೆದರು. ಅವತ್ತು ರಾಜ್ಯವೇ ಟಿವಿ ಮುಂದೆ ಕೂತಿತ್ತು. ರಕ್ಷಣಾ ತಂಡಕ್ಕೆ ಎಷ್ಟು ಕೈಮುಗಿದರೂ ಸಾಲದು. ಆದರೆ ಆ ಬಾವಿಗೆ ಮುಚ್ಚಳ ಇದ್ದಿದ್ದರೆ ಯಾರೂ ಹಾಗೆ ಕೂರಬೇಕಾಗಿರಲಿಲ್ಲ.

ಇದಕ್ಕೆ ನಿಯಮ ಇಲ್ಲದೆ ಇಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕೊರೆಯುವ 15 ದಿನ ಮೊದಲೇ ತಿಳಿಸಬೇಕು. ಸುತ್ತ ಬೇಲಿ ಹಾಕಬೇಕು, ಫಲಕ ಇಡಬೇಕು. ಕೇಸಿಂಗ್ ಪೈಪಿನ ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು ಅಥವಾ ಬೋಲ್ಟ್ ಹಾಕಿ ಬಿಗಿಯಬೇಕು. ನೀರು ಬರದೆ ಬಿಟ್ಟದ್ದನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ನೆಲದ ಮಟ್ಟದವರೆಗೂ ತುಂಬಬೇಕು. ಹಳ್ಳಿಗಳಲ್ಲಿ ಇದನ್ನು ನೋಡಿಕೊಳ್ಳುವ ಹೊಣೆಯನ್ನು ಪಂಚಾಯಿತಿ ಮುಖ್ಯಸ್ಥರಿಗೂ ಕೊಟ್ಟಿದೆ. ನಡೆಯುತ್ತಿರುವುದು ಬೇರೆ. ನೀರು ಬರಲಿಲ್ಲ ಅಂದರೆ ರೈತ ಸಾಲದ ಚಿಂತೆಯಲ್ಲಿ ಮನೆಗೆ ಹೋಗುತ್ತಾನೆ. ಕೆಲವು ಕಡೆ ಕೇಸಿಂಗ್ ಪೈಪನ್ನೂ ಕಿತ್ತು ಇನ್ನೊಂದು ಕಡೆ ಹಾಕುತ್ತಾರೆ. ಉಳಿಯುವುದು ಹುಲ್ಲು ಮುಚ್ಚಿದ ಒಂದು ತೂತು. ಒಂದು ಗೋಣಿಚೀಲ, ಮೇಲೊಂದು ಕಲ್ಲು. ಮಳೆಗೆ ಚೀಲ ಕೊಳೆಯುತ್ತದೆ.

ನಾನು ರೈತನನ್ನು ಬೈಯುವುದಿಲ್ಲ. ಸಾಲ ಮಾಡಿ ಕೊರೆಸಿ ನೀರು ಸಿಗದವನಿಗೆ ಮತ್ತೆ ಮುಚ್ಚಿಸುವ ಖರ್ಚೂ ಭಾರವೇ. ಹಾಗಾಗಿ ಪಂಚಾಯಿತಿ ಮುಂದೆ ಬರಬೇಕು. ಪ್ರತಿ ವಾರ್ಡಿನಲ್ಲಿ ಬಿಟ್ಟ ಬಾವಿಗಳ ಪಟ್ಟಿ ಮಾಡಿಸಿ. ಸರ್ವೆ ನಂಬರ್ ಸಹಿತ ಪಂಚಾಯಿತಿ ಗೋಡೆಗೆ ಅಂಟಿಸಿ. ಮುಚ್ಚಿದ್ದಕ್ಕೆ ಒಂದು ಗುರುತು ಹಾಕಿ. ಮುಚ್ಚಳ ಹಾಕಿಸಲು ಆಗದವರಿಗೆ ಪಂಚಾಯಿತಿಯಿಂದಲೇ ಹಾಕಿಸಿ. ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ ಇದು. ಉದ್ಘಾಟನೆ ಮಾಡುವಂಥದ್ದೇನೂ ಇಲ್ಲ, ಅದಕ್ಕೇ ಇಷ್ಟು ವರ್ಷ ಯಾರೂ ಮಾಡಲಿಲ್ಲ ಎಂದು ನನಗನ್ನಿಸುತ್ತದೆ.

ಮೂರನೆಯದು ಸಮುದಾಯ ಭವನ. ಕಟ್ಟಡ ಬಂದರೆ ಸಂತೋಷ. ಆದರೆ ಊರವರು ಕೂತು ಮಾತಾಡಲು ಕಾನೂನೇ ಒಂದು ಜಾಗ ಕೊಟ್ಟಿದೆ. ಅದು ವಾರ್ಡ್ ಸಭೆ. ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ನಮ್ಮಲ್ಲಿ ಸಭೆ ಯಾವಾಗ ನಡೆಯಿತು ಎಂದು ಕೇಳಿದರೆ ರಿಜಿಸ್ಟರಿನಲ್ಲಿ ಸಹಿಗಳಿವೆ. ಕೇರಿಯ ಹೆಂಗಸರಿಗೆ ಗೊತ್ತೇ ಇಲ್ಲ. ಮನೆ ಯಾರಿಗೆ ಮಂಜೂರು ಆಗಬೇಕು, ಚರಂಡಿ ಮೊದಲು ಯಾವ ಬೀದಿಗೆ, ಇಂಥದ್ದೆಲ್ಲ ಅಲ್ಲಿ ಎಲ್ಲರ ಎದುರು ಮಾತಾಗಬೇಕು. ಬೆನ್ನ ಹಿಂದೆ ತೀರ್ಮಾನ ಆದಾಗಲೇ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟುವುದು, ಅದಕ್ಕೆ ಜಾತಿಯ ಬಣ್ಣ ಬರುವುದು. ಸಭೆಯನ್ನು ಒಮ್ಮೆ ದಲಿತರ ಕೇರಿಯಲ್ಲೂ ಇಡಿ. ಕೂಲಿಗೆ ಹೋಗುವವರು ಬರುವ ಹಾಗೆ ಸಂಜೆ ಇಡಿ.

ಕೊನೆಗೆ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂದು ನಮ್ಮ ರಾಜ್ಯ ಮಾಡಿದಾಗ ನಮ್ಮಂಥವರಿಗೆ ತುಂಬ ಹೆಮ್ಮೆ ಆಗಿತ್ತು. ಕಳೆದ ಸಲ ಓಟು ಹಾಕಿದ್ದು ನಿಮಗೆ. ಆದರೆ ದೂರು ಹೇಳಲು ಬಂದಾಗ ಎಷ್ಟೋ ಸಲ ನಿಮ್ಮ ಯಜಮಾನರು, ಅಣ್ಣನೇ ಉತ್ತರ ಕೊಟ್ಟರು. ಅಣ್ಣ ಒಳ್ಳೆಯವರೇ. ಆದರೂ ನೀರಿಲ್ಲದ ಶೌಚಾಲಯದ ಕಷ್ಟವನ್ನು ಒಬ್ಬ ಹುಡುಗಿ ಅವರ ಹತ್ತಿರ ಹೇಳಲಾರಳು. ನಿಮ್ಮ ಹತ್ತಿರ ಹೇಳುತ್ತಾಳೆ. ಈ ಸಲ ಮನೆ ಮನೆಗೆ ಪ್ರಚಾರಕ್ಕೆ ನೀವೇ ಬನ್ನಿ, ಮಾತೂ ನೀವೇ ಆಡಿ.

ನಮ್ಮ ಬೀದಿಗೆ ಬಂದಾಗ ನಾನು ಕೇಳುವುದು ಮೂರೇ ಪ್ರಶ್ನೆ. ಶಾಲೆಯ ಟ್ಯಾಂಕಿಗೆ ನೀರು ಯಾವ ಹೊತ್ತಿಗೆ ಬಿಡಿಸುತ್ತೀರಿ? ಕೊಳವೆಬಾವಿಗಳ ಪಟ್ಟಿ ಯಾವ ತಿಂಗಳೊಳಗೆ ಗೋಡೆಗೆ ಬರುತ್ತದೆ? ಗೆದ್ದ ಮೇಲೆ ಮೊದಲ ವಾರ್ಡ್ ಸಭೆ ಯಾವಾಗ, ಎಲ್ಲಿ? ಉತ್ತರವನ್ನು ಅದೇ ಕರಪತ್ರದ ಹಿಂಬದಿ ಬರೆದು ಸಹಿ ಹಾಕಿ ಕೊಡಿ. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಓದಿ ನೋಡುತ್ತೇವೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ