ನದಾಫರ ಜಾತಿಪತ್ರಕ್ಕೆ ಹಿಂಜುವ ಬಿಲ್ಲನ್ನೂ ತರಬೇಕೆ?

ಮಾನ್ಯರೇ,

ನಮ್ಮ ನಾಡಕಚೇರಿಯಲ್ಲಿ ನದಾಫ ಹುಡುಗನೊಬ್ಬನ ಜಾತಿಪತ್ರದ ಅರ್ಜಿ ವಾಪಸ್ ಮಾಡಿದ ಸುದ್ದಿಯನ್ನು ಮೊನ್ನೆಯ ಸಂಚಿಕೆಯಲ್ಲಿ ಓದಿದೆ. ನದಾಫರೆಂದರೂ ಪಿಂಜಾರರೆಂದರೂ ಒಂದೇ, ಬಿಲ್ಲಿನಿಂದ ಹತ್ತಿ ಹಿಂಜುವ ಕಸುಬಿನ ಮುಸ್ಲಿಮರು. ‘ದಾಖಲೆ ಕೊರತೆಯಿಂದ ಅರ್ಜಿ ವಾಪಸ್’ ಎಂದು ಕಚೇರಿಯವರು ಹೇಳಿದ್ದನ್ನೇ ಅಚ್ಚು ಹಾಕಿದ್ದೀರಿ. ಏನು ಕೊರತೆ? ಹುಡುಗನ ಟಿ.ಸಿ.ಯ (ಶಾಲೆಯ ವರ್ಗಾವಣೆ ಪತ್ರದ) ಜಾತಿ ಕಾಲಂನಲ್ಲಿ ‘ಮುಸ್ಲಿಂ’ ಎಂದಿದೆ, ‘ನದಾಫ’ ಎಂದಿಲ್ಲ. ಒಂದನೇ ತರಗತಿಗೆ ಸೇರಿಸಿದ ದಿನ ಮಾಸ್ತರು ಹೆಸರು ಕೇಳಿದ್ದೇ ಕಾಲಂ ತುಂಬಿದರೆ ಅದು ಹುಡುಗನ ತಪ್ಪೇ?

ನದಾಫ, ಪಿಂಜಾರ, ಛಪ್ಪರಬಂದ, ದರವೇಶ, ಕಸಾಬ ಇವೆಲ್ಲ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರವರ್ಗ-1ರಲ್ಲಿವೆ. ಬರೀ ಮುಸ್ಲಿಂ ಎಂದರೆ 2ಬಿ. ಎರಡಕ್ಕೂ ಶೇ 4 ಮೀಸಲಾತಿ ತಾನೇ, ಯಾವುದಾದರೇನು ತಗೊಂಡು ಹೋಗಿ ಅನ್ನುತ್ತಾರೆ ಕೌಂಟರಿನವರು. ಪ್ರವರ್ಗ-1ಕ್ಕೆ ಕೊಡುವ ಪತ್ರ ನಮೂನೆ-ಇ: ಮೀಸಲಾತಿಗೆ ಆದಾಯದ ಮಿತಿ ಇಲ್ಲ, ಒಮ್ಮೆ ಪಡೆದರೆ ಜೀವನಪೂರ್ತಿ ನಡೆಯುತ್ತದೆ. 2ಬಿಗೆ ನಮೂನೆ-ಎಫ್: ವರ್ಷದ ಆದಾಯ 8 ಲಕ್ಷ ದಾಟುವಂತಿಲ್ಲ, 5 ವರ್ಷಕ್ಕೊಮ್ಮೆ ಮತ್ತೆ ಅದೇ ಕಿಟಕಿಯ ಮುಂದೆ ನಿಲ್ಲಬೇಕು. ವೃತ್ತಿಶಿಕ್ಷಣ ಪ್ರವೇಶದ ಸಿಇಟಿ ಅರ್ಜಿಯಲ್ಲಿ ಜಾತಿಪತ್ರದ ಆರ್‌.ಡಿ. ಸಂಖ್ಯೆ ಹಾಕಿದಾಗ ಪ್ರವರ್ಗ ತಾಳೆಯಾಗದಿದ್ದರೆ ಹುಡುಗ ಸೀದಾ ಸಾಮಾನ್ಯ ವರ್ಗಕ್ಕೆ. ಯಾವುದಾದರೇನು ಅನ್ನುವವರು ಇದಕ್ಕೇನು ಹೇಳುತ್ತಾರೆ?

ಟಿ.ಸಿ. ತಿದ್ದಿಸಿ ಎನ್ನುತ್ತಾರೆ. ಶಾಲೆಗೆ ಹೋದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ತೋರಿಸುತ್ತಾರೆ. ಬಿಇಒ ಕಚೇರಿಯಲ್ಲಿ ‘ಮೊದಲು ತಹಶೀಲ್ದಾರರ ಜಾತಿಪತ್ರ ತನ್ನಿ’. ಆ ಪತ್ರಕ್ಕಾಗಿಯೇ ತಾನೆ ಈ ಓಡಾಟ! ತಂದೆಯ ಪತ್ರ ಹಾಜರುಪಡಿಸಿದರೆ ಅದರಲ್ಲಿ ‘ಪಿಂಜಾರ’ ಎಂದಿದೆ, ಮಗನ ಅರ್ಜಿಯಲ್ಲಿ ‘ನದಾಫ’, ಬೇರೆ ಬೇರೆ ಜಾತಿ ಎನ್ನುತ್ತಾರೆ. ಸರ್ಕಾರದ ಪಟ್ಟಿಯಲ್ಲಿ ಪಿಂಜಾರ, ಪಿಂಜಾರಿ, ನದಾಫ, ಲದಾಫ ಎಲ್ಲವೂ ಪ್ರವರ್ಗ-1ರಲ್ಲೇ ಇವೆ. ಪಟ್ಟಿ ಅವರ ಮೇಜಿನ ಗಾಜಿನ ಕೆಳಗೇ ಇದೆ, ಅದರ ಮೇಲೆ ಚಹಾ ಲೋಟ ಇಟ್ಟಿರುತ್ತಾರೆ.

ಇನ್ನು ಸ್ಥಳ ಪರಿಶೀಲನೆ. ಈಗಲೂ ಹತ್ತಿ ಹಿಂಜುತ್ತೀರಾ ಎಂದು ಕೇಳುತ್ತಾರೆ. ಊರೆಲ್ಲ ಫೋಮಿನ ಹಾಸಿಗೆ ಮೇಲೆ ಮಲಗಿರುವಾಗ ಹಿಂಜುವುದು ಯಾರಿಗಾಗಿ? ಹುಸೇನಪ್ಪ, ಫಕೀರಪ್ಪ ಎಂಬ ಹೆಸರು, ಮನೆಯಲ್ಲಿ ಕನ್ನಡ, ಉರ್ದು ಅಷ್ಟಕ್ಕಷ್ಟೆ ಎಂದು ತಿಳಿದರೆ ‘ನೀವು ಸಾಬರು ಹೌದೋ ಅಲ್ಲವೋ’ ಎಂಬ ಅನುಮಾನ. ಮಸೀದಿಯ ಜಮಾತಿನಿಂದ ಪತ್ರ ತನ್ನಿ ಎನ್ನುತ್ತಾರೆ. ಜಮಾತಿನ ಹಿರಿಯರು ‘ಇಸ್ಲಾಮಿನಲ್ಲಿ ಜಾತಿಯೇ ಇಲ್ಲ, ಏನಂತ ಬರೆದುಕೊಡೋಣ’ ಎನ್ನುತ್ತಾರೆ. ಹಿರಿಯರಿಗೂ ಒಂದು ಮಾತು: ಮದುವೆ ಸಂಬಂಧ ನೋಡುವಾಗ ಪಿಂಜಾರರ ಮನೆ ಯಾವುದೆಂದು ಚೆನ್ನಾಗಿ ಗೊತ್ತಾಗುತ್ತದಲ್ಲ?

ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಹಿಂಬರಹ ಕೊಡಬೇಕು. ಅದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಆದ್ದರಿಂದಲೇ ಕೊಡುವುದಿಲ್ಲ, ಬಾಯಿಮಾತಿನಲ್ಲೇ ‘ನಾಳೆ ಬನ್ನಿ’. ನಾಳೆ ಸರ್ವರ್ ಇರುವುದಿಲ್ಲ. ನಾಡಿದ್ದು ಗ್ರಾಮ ಆಡಳಿತಾಧಿಕಾರಿ ಇರುವುದಿಲ್ಲ, ಅವರಿಗೆ ಇನ್ನೆರಡು ಊರಿನ ಪ್ರಭಾರವಂತೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೆರಾಕ್ಸು ಲೆಕ್ಕ ಹಾಕಿದರೆ ಮಧ್ಯವರ್ತಿಗೆ ಕೊಡುವುದೇ ಅಗ್ಗ. ಅವನಿಗೆ ಮಾತ್ರ ಸರ್ವರ್ ಯಾವತ್ತೂ ಇರುತ್ತದೆ.

2023ರ ಮಾರ್ಚ್‌ನಲ್ಲಿ 2ಬಿ ರದ್ದೆಂದು ಆದೇಶವಾದಾಗಲೂ ಹೀಗೆಯೇ. ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಸುಪ್ರೀಂ ಕೋರ್ಟಿನಲ್ಲಿ ಹೇಳಿದರೂ ಈ ಕಿಟಕಿಗೆ ಸುದ್ದಿ ಮುಟ್ಟಲು ತಿಂಗಳುಗಳೇ ಬೇಕಾದವು. 2025ರಲ್ಲಿ ಸರ್ಕಾರಿ ಗುತ್ತಿಗೆಯಲ್ಲಿ 2ಬಿಗೆ ಶೇ 4 ಮೀಸಲು ಎಂದು ಸದನದಲ್ಲಿ ಗದ್ದಲವೋ ಗದ್ದಲ. ಕೊಡಿಸುತ್ತೇವೆ ಎಂದವರೂ ತೆಗೆಸುತ್ತೇವೆ ಎಂದವರೂ ಒಂದು ದಿನ ಈ ಸಾಲಿನಲ್ಲಿ ನಿಂತು ನೋಡಲಿ.

ತಹಶೀಲ್ದಾರರು ಗಮನಿಸಬೇಕು. ಇಲ್ಲವೇ ಜಿಲ್ಲಾಧಿಕಾರಿ. ಶಿಕ್ಷಣ ಇಲಾಖೆಯಾದರೂ ಸರಿ. ಯಾರಿಗೂ ಆಗದಿದ್ದರೆ ‘ನದಾಫರಿಗೆ ಪ್ರವೇಶವಿಲ್ಲ’ ಎಂದು ಬೋರ್ಡಾದರೂ ಹಾಕಿಬಿಡಿ, ಬಸ್ ಚಾರ್ಜು ಉಳಿಯುತ್ತದೆ.

– ಬೇಸತ್ತ ಓದುಗ