ಮಧ್ಯಾಹ್ನ ಒಂದರಿಂದ ಏಳರವರೆಗೆ ಇದ್ದವರಿಗೆ

ಹೋದ ವಾರ ಬ್ಯಾಂಕಿನಿಂದ ಕನ್ಫರ್ಮೇಷನ್ ಲೆಟರ್ ಬಂತು. ಕ್ಲರ್ಕ್ ಆಗಿದ್ದವಳು ಆಫೀಸರ್ ಆಗಿ ಒಂದು ವರ್ಷದ ಪ್ರೊಬೇಷನ್ ಮುಗಿಸಿದೆ. ಮೈಸೂರಿನ ಮನೆಯಿಂದ ಮಂಡ್ಯದ ಬ್ರಾಂಚಿಗೆ ದಿನಾ ರೈಲಿನಲ್ಲಿ ಓಡಾಟ. ಮನೆಯಲ್ಲಿ ಏಳು ವರ್ಷದ ಮಗ. ಅವನಿಗೆ ಆಟಿಸಂ ಇದೆ. ಇದಿಷ್ಟನ್ನೂ ಕೇಳಿದವರು "ನಿಮ್ಮ ಧೈರ್ಯ ಮೆಚ್ಚಬೇಕು" ಅನ್ನುತ್ತಾರೆ. ಧೈರ್ಯದಿಂದ ಆಗುವ ಹಾಗಿದ್ದರೆ ಎಂದೋ ಆಗಿರುತ್ತಿತ್ತು. ಮಧ್ಯಾಹ್ನ ಒಂದರಿಂದ ಸಂಜೆ ಏಳರವರೆಗೆ ಅವನ ಜೊತೆ ಇರಲು ಜನ ಬೇಕಿತ್ತು. ಸಿಕ್ಕರು. ಅವರಿಗೆ ಹೇಳಬೇಕಾದ್ದು ತುಂಬಾ ಇದೆ.

ಬ್ಯಾಂಕಿನವರಿಗೆ ಗೊತ್ತು, ನಮ್ಮಲ್ಲಿ ಪ್ರಮೋಷನ್ ಅಂದರೆ ಟ್ರಾನ್ಸ್‌ಫರ್. ಕ್ಲರ್ಕ್ ಆಗಿದ್ದರೆ ಹೆಚ್ಚುಕಡಿಮೆ ಊರಲ್ಲೇ ಇರಬಹುದು. ಸ್ಕೇಲ್ ಒನ್, ಅಂದರೆ ಮೊದಲ ಹಂತದ ಆಫೀಸರ್ ಆದರೆ ಯಾವ ರಾಜ್ಯಕ್ಕೂ ಹಾಕಬಹುದು. ಅದಕ್ಕೇ ಎಷ್ಟೋ ಹೆಣ್ಣುಮಕ್ಕಳು ಪ್ರಮೋಷನ್ ಪರೀಕ್ಷೆಯನ್ನೇ ಬರೆಯುವುದಿಲ್ಲ. ಕೌಂಟರಿನಲ್ಲೇ ರಿಟೈರ್ ಆಗುತ್ತಾರೆ. ಹೊಸ ಮ್ಯಾನೇಜರ್ ಬಂದಾಗ ಬ್ರಾಂಚಿನ ಕೆಲಸ ಹೇಳಿಕೊಡುವವರು ಅವರೇ, ಅದು ಬೇರೆ ಮಾತು.

ನಾನು ಪರೀಕ್ಷೆ ಬರೆದೆ, ಪಾಸೂ ಆದೆ. ಆಮೇಲೆ ಶುರುವಾಯಿತು ತಲೆಬಿಸಿ. ಮಗನ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ. ಪ್ರಮೋಷನ್ನಿಗೆ ಮೊದಲು, ಶಾಲೆ ಬಿಟ್ಟ ಮೇಲೆ ಅತ್ತೆಯವರು ನೋಡಿಕೊಳ್ಳುತ್ತಿದ್ದರು, ಸಂಜೆ ನಾನು ಬೇಗ ಬಂದುಬಿಡುತ್ತಿದ್ದೆ. ಆದರೆ ಅತ್ತೆಯವರಿಗೆ ಮಂಡಿನೋವು, ಇವನಿಗೆ ಗೇಟು ತೆರೆದಿದ್ದರೆ ಸಾಕು, ಓಟ. ಡೇಕೇರ್ ಒಂದಕ್ಕೆ ಸೇರಿಸಿ ನೋಡಿದೆವು. ಒಂದು ವಾರಕ್ಕೇ ಫೋನ್ ಬಂತು. "ಬೇರೆ ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಿದಾರೆ ಮೇಡಂ." ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಬಂದಿದೆ. ಬೆರಳೆಣಿಕೆಯ ಜನ ಇರುವ ನಮ್ಮಂಥ ಬ್ರಾಂಚಿನಲ್ಲಿ ಅದರ ಸುಳಿವೇ ಇಲ್ಲ. ಇದ್ದರೂ ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗಿ ಕೂರುವ ಮಗುವನ್ನು ಸಂಭಾಳಿಸಲು ಗೊತ್ತಿರುವವರು ಅಲ್ಲಿರಬೇಕಲ್ಲ.

ಪ್ರಮೋಷನ್ ಬೇಡ ಅಂತ ಬರೆದುಕೊಡಲು ಹೊರಟಿದ್ದವಳನ್ನು ತಡೆದದ್ದು ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬ ಹೆಂಗಸು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾವು ಮಗನ ಥೆರಪಿಗೆ ಹೋಗುವ ವಾಕ್ ಶ್ರವಣ ಸಂಸ್ಥೆಗೆ ಬಂದವರಿಗೆ ಈ ನೋಟ ಗೊತ್ತಿರುತ್ತದೆ. ದೂರದ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದಲೂ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು, ಸುತ್ತಮುತ್ತ ರೂಮು ಮಾಡಿಕೊಂಡು ಇರುತ್ತಾರೆ. ಅಲ್ಲಿ ಮಗುವಿಗೆ ಮಾತ್ರ ಪಾಠ ಅಲ್ಲ, ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ. ನನ್ನನ್ನು ತಡೆದ ಆ ಹೆಂಗಸೂ ಹಾಗೆ ಬಂದವರು, ಕೊಪ್ಪಳದ ಕಡೆಯವರು. ಗಂಡ ಊರಲ್ಲಿ, ಇವರು ಇಲ್ಲಿ. ಬೆಂಚಿನ ಮೇಲೆ ಕೂತು ನನ್ನ ಕಥೆಯೆಲ್ಲ ಕೇಳಿಸಿಕೊಂಡರು. "ಅಕ್ಕಾರ, ಈಗ ಏಳು ವರ್ಷದ ಹುಡುಗನ್ನ ನೋಡಿ ಲೆಕ್ಕಾ ಹಾಕಬ್ಯಾಡ್ರಿ. ಅವ ನಲವತ್ತು ವರ್ಷದಾಂವ ಆದಾಗ ಹೆಂಗ ಅಂತ ಹಾಕ್ರಿ" ಅಂದರು. ಅಷ್ಟರಲ್ಲಿ ಅವರ ಮಗಳನ್ನು ಒಳಗೆ ಕರೆದರು, ಎದ್ದು ಹೋದರು.

ಅವತ್ತು ರಾತ್ರಿ ನಾನೂ ನಮ್ಮವರೂ ಕೂತು ಆ ಲೆಕ್ಕ ಹಾಕಿದೆವು. ಬ್ಯಾಂಕುಗಳಲ್ಲಿ 2010ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ). ಹಳೇ ಪಿಂಚಣಿಯವರಾದರೆ ಅವರ ನಂತರ ಅಂಗವಿಕಲ ಮಗುವಿಗೆ ಕುಟುಂಬ ಪಿಂಚಣಿ ಬರುವ ದಾರಿ ಇದೆ. ನನ್ನಂಥವರಿಗೆ ಖಾತೆಯಲ್ಲಿ ಕೂಡಿದ್ದಷ್ಟೇ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ನಮ್ಮದು, ಶೇ 14 ಬ್ಯಾಂಕಿನದು. ಸಂಬಳ ಏರದಿದ್ದರೆ ಅದೂ ಏರುವುದಿಲ್ಲ. ಪ್ರಮೋಷನ್ನಿಂದ ಮೊದಲ ವರ್ಷ ಕೈಗೆ ಬರುವ ವ್ಯತ್ಯಾಸ ದೊಡ್ಡದೇನಲ್ಲ, ಓಡಾಟಕ್ಕೂ ಥೆರಪಿಗೂ ಹೋಗಿಬಿಡುತ್ತದೆ. ಆದರೆ ನನಗೆ ಇನ್ನೂ ಇಪ್ಪತ್ತು ವರ್ಷ ಸರ್ವಿಸ್ ಇದೆ. ನಾವಿಲ್ಲದ ಕಾಲಕ್ಕೆ ಅಂತ ಇಡಬೇಕಾದ ದುಡ್ಡು ಅದು. ಕೊಪ್ಪಳದ ಆ ತಾಯಿಗೆ ಇದು ಕಾಣಲಿ ಅಂತ ಆಸೆ. ಅಮ್ಮಾ, ನೀವು ಹೇಳಿದ ಲೆಕ್ಕ ಸರಿ ಇತ್ತು.

ಇನ್ನು ನಮ್ಮ ಬ್ಯಾಂಕ್ ಯೂನಿಯನ್ನಿನ ಒಬ್ಬ ಹಿರಿಯ ಕಾಮ್ರೇಡ್. ರಿಟೈರ್ ಆಗಿ ಮನೆಯಲ್ಲಿದ್ದವರು. ನಾನು ಫೋನ್ ಮಾಡಿ ಅತ್ತಾಗ ಸಮಾಧಾನದ ಮಾತು ಒಂದೂ ಆಡಲಿಲ್ಲ. "ಮಗೂದು ಸರ್ಟಿಫಿಕೇಟ್ ಇದೆಯೇನಮ್ಮಾ? ಎಷ್ಟು ಪರ್ಸೆಂಟ್?" ಅಂತ ಕೇಳಿದರು. ಕೇಂದ್ರದ ಸಿಬ್ಬಂದಿ ಇಲಾಖೆಯ 2014ರ ಆದೇಶವೊಂದಿದೆ, 2018ರಲ್ಲಿ ಅದನ್ನು ವಿಸ್ತರಿಸಿದ್ದಾರೆ. ಅಂಗವಿಕಲ ಮಗುವಿನ ಮುಖ್ಯ ಆರೈಕೆ ಮಾಡುವ ನೌಕರರಿಗೆ ಮಾಮೂಲಿ ವರ್ಗಾವಣೆಯಿಂದ ವಿನಾಯಿತಿ ಕೊಡಬಹುದು ಅಂತ. ಜಾಗ ಬದಲಾದರೆ ಮಗುವಿನ ಪುನರ್ವಸತಿಗೇ ಅಡ್ಡಿ ಆಗಬಹುದು ಅನ್ನುವ ಕಾರಣವನ್ನೂ ಅದರಲ್ಲೇ ಬರೆದಿದ್ದಾರೆ. ಸರ್ಕಾರಿ ಕಾಗದದಲ್ಲಿ ಇಂಥ ಮಾತು ಓದಿ ನನಗೆ ಆಶ್ಚರ್ಯವಾಯಿತು. ಶೇ 40ಕ್ಕೆ ಕಡಿಮೆ ಇಲ್ಲದ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಆಡಳಿತಕ್ಕೆ ತೊಡಕಾಗಬಾರದು ಅನ್ನುವ ಷರತ್ತೂ ಇದೆ, ಹಾಗಾಗಿ ಇದು ಹಕ್ಕು ಅಂತ ಮೇಜು ಕುಟ್ಟಿ ಕೇಳುವಂಥದ್ದಲ್ಲ. ನಯವಾಗಿ, ಆದರೆ ಬಿಡದೆ ಕೇಳುವಂಥದ್ದು. ಬಿಡದೆ ಕೇಳಿದವರು ಅವರು. ಅರ್ಜಿಯ ಕರಡು ತಾವೇ ಬರೆದರು, ನಾನು ಅದಕ್ಕೆ ಸೇರಿಸಿದ್ದ ಕಣ್ಣೀರಿನ ಪ್ಯಾರಾವನ್ನು ಹೊಡೆದುಹಾಕಿದರು. ಹೊರರಾಜ್ಯಕ್ಕೆ ಹೋಗುವ ಲಿಸ್ಟಿನಲ್ಲಿದ್ದ ನನಗೆ ಮಂಡ್ಯ ಸಿಕ್ಕಿತು. ನಿಮಗೆ ಲಾಲ್ ಸಲಾಂ ಸರ್.

ನಮ್ಮವರ ವಿಷಯ ಬರೆದರೆ ಅವರಿಗೆ ಮುಜುಗರ. ಆದರೂ ಬರೆಯಲೇಬೇಕು. ಅವರದು ಫ್ಯಾಕ್ಟರಿ ಕೆಲಸ, ಮೂರು ಶಿಫ್ಟ್ ಸುತ್ತುತ್ತಿತ್ತು. ನನಗೆ ಮಂಡ್ಯ ಆದ ಮೇಲೆ ಖಾಯಂ ಫಸ್ಟ್ ಶಿಫ್ಟ್ ಕೇಳಿ ಪಡೆದರು. ಬೆಳಗಿನ ಜಾವ ಎದ್ದು ಹೋಗುತ್ತಾರೆ, ಮೂರರ ಒಳಗೆ ಮನೆ. ನೈಟ್ ಶಿಫ್ಟ್ ಅಲೋವೆನ್ಸ್ ಹೋಯಿತು. ಥೆರಪಿಗೆ ಈಗ ಅವರೇ ಹೋಗುತ್ತಾರೆ. ಅಮ್ಮಂದಿರೇ ತುಂಬಿರುವ ಆ ಕಾರಿಡಾರಿನಲ್ಲಿ ಮೊದಮೊದಲು ಕಂಬದ ಹಿಂದೆ ನಿಲ್ಲುತ್ತಿದ್ದರಂತೆ. ಈಗ ಬೇರೆ ಮಕ್ಕಳ ವಾಟರ್ ಬಾಟಲ್ ಮುಚ್ಚಳ ತೆಗೆದುಕೊಡುವವರು ಇವರೇ.

ಆದರೆ ಒಬ್ಬರಿಗೆ ಖಾಯಂ ಫಸ್ಟ್ ಶಿಫ್ಟ್ ಸಿಗಬೇಕಾದರೆ ಇನ್ನೊಬ್ಬರು ತಮ್ಮ ಪಾಳಿಯದನ್ನು ಬಿಟ್ಟುಕೊಡಬೇಕು. ಇವರ ಲೈನಿನ ಗೆಳೆಯರೊಬ್ಬರು ಬಿಟ್ಟುಕೊಟ್ಟರು. ಅವರಿಗೂ ಮಕ್ಕಳಿದ್ದಾರೆ, ಅವರ ಮನೆಯಲ್ಲೂ ಸಂಜೆ ಅಂತ ಒಂದು ಇದೆ. ನಮಗೆ ಸಂಬಂಧಿಯಲ್ಲ, ನಮ್ಮಿಂದ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ನನ್ನ ಪ್ರಮೋಷನ್ನಿಗೆ ಜಾಸ್ತಿ ಬೆಲೆ ಕೊಟ್ಟವರು ಯಾರು ಅಂತ ಕೇಳಿದರೆ ನಾನು ಇವರನ್ನೇ ತೋರಿಸುತ್ತೇನೆ. ಅಣ್ಣಾ, ನಿಮ್ಮ ಮನೆಯವರಿಗೂ ನಮಸ್ಕಾರ ಹೇಳಿ. ಅವರನ್ನು ಕೇಳದೆ ನೀವು ಒಪ್ಪಿರುವುದಿಲ್ಲ ಅಂತ ನನಗೆ ಗೊತ್ತು.

ಶಾಲೆ ಬಿಟ್ಟು ಅಪ್ಪ ಬರುವವರೆಗಿನ ಹೊತ್ತು ಅತ್ತೆಯವರದ್ದು ಮತ್ತು ಪಕ್ಕದ ಮನೆ ಅಜ್ಜಿಯದ್ದು. ಅತ್ತೆಯವರು ಊಟ ಮಾಡಿಸುತ್ತಾರೆ, ಅಜ್ಜಿ ಗೇಟು ಕಾಯುತ್ತಾರೆ. ಅವನಿಗೆ ಕುಕ್ಕರ್ ವಿಷಲ್ ಆಗುವುದಿಲ್ಲ. ಅದಕ್ಕೇ ನಮ್ಮ ಅತ್ತೆಯವರು ಅನ್ನವನ್ನು ಪಾತ್ರೆಯಲ್ಲಿ ಬಸಿಯುತ್ತಾರೆ. ಪಕ್ಕದ ಮನೆ ಅಜ್ಜಿಯೂ ಅವನು ಬರುವ ಮೊದಲೇ ಬೇಳೆ ಬೇಯಿಸಿ ಮುಗಿಸಿರುತ್ತಾರೆ. ನಾನು ಹೇಳಿದ್ದಲ್ಲ, ಅವರೇ ಗಮನಿಸಿ ಮಾಡಿದ್ದು.

ಆಮೇಲೆ ನಮ್ಮ ಥೆರಪಿಸ್ಟ್ ಹುಡುಗಿ. ಅವನ ದಿನವನ್ನು ಚಿತ್ರದ ಕಾರ್ಡುಗಳಲ್ಲಿ ಜೋಡಿಸಿ ಫ್ರಿಡ್ಜಿಗೆ ಅಂಟಿಸಲು ಕಲಿಸಿದವಳು ಅವಳೇ. ಶಾಲೆ, ಊಟ, ಅಜ್ಜಿ, ಅಪ್ಪ, ಉಯ್ಯಾಲೆ, ಕೊನೆಗೆ ರೈಲು, ರೈಲಿನ ಪಕ್ಕ ಅಮ್ಮ. ರೈಲು ಲೇಟಾದ ದಿನ ಈ ಏರ್ಪಾಡೆಲ್ಲ ಕೆಡುತ್ತಿತ್ತು. ಕೈ ಕಚ್ಚಿಕೊಳ್ಳುತ್ತಿದ್ದ. ಮೊದಲ ಎರಡು ತಿಂಗಳು ನಿಜಕ್ಕೂ ಕಷ್ಟ ಇತ್ತು. ನಿದ್ದೆ ಹೋಯಿತು, "ನೀರು ಕೊಡು" ಅಂತ ಹೇಳುತ್ತಿದ್ದವನು ಅದನ್ನೂ ನಿಲ್ಲಿಸಿದ. ಬಿಟ್ಟುಬಿಡೋಣ ಅಂತ ನಾನು ಅಂದಾಗ ಅವಳು "ಒಂದು ಕಾರ್ಡ್ ಜಾಸ್ತಿ ಮಾಡಿ ನೋಡೋಣ ಮೇಡಂ" ಅಂದಳು. ನಿಂತ ರೈಲಿನ ಚಿತ್ರ. ಅದರ ಅರ್ಥ ಅಮ್ಮ ಬರುತ್ತಾಳೆ, ಆದರೆ ಲೇಟು. ನಾನು ಪಾಂಡವಪುರದಲ್ಲಿ ಸಿಗ್ನಲ್ಲಿಗೆ ಕಾಯುತ್ತಾ ಫೋನ್ ಮಾಡಿದರೆ ಮನೆಯಲ್ಲಿ ಕಾರ್ಡ್ ಬದಲಾಗುತ್ತದೆ. ಈಗ ಅದನ್ನು ಅವನೇ ಬದಲಾಯಿಸುತ್ತಾನೆ. "ನೀರು ಕೊಡು" ವಾಪಸ್ ಬಂದಿದೆ, ಜೊತೆಗೆ "ಬೇಡ" ಕೂಡ. ಇವನ "ಬೇಡ" ಕೇಳಿ ನಾವು ಸ್ವೀಟ್ ಹಂಚಿದ್ದೇವೆ!

ಮಂಡ್ಯ ಬ್ರಾಂಚಿನವರಿಗೂ ಋಣಿ. ಡೇ ಎಂಡ್, ಅಂದರೆ ದಿನದ ಲೆಕ್ಕ, ಮುಗಿಸುವುದು ತಡವಾದ ದಿನ "ನೀವು ಹೊರಡಿ ಮೇಡಂ, ಗಾಡಿ ತಪ್ಪುತ್ತೆ" ಅಂತ ಕಳಿಸಿ, ಕ್ಯಾಶ್ ಲೆಕ್ಕ ಕೂಡುವವರೆಗೆ ಕೂತವರು ನೀವು. ಬೆಳಿಗ್ಗೆ ಬೇಗ ಬಂದು ಅದನ್ನು ತೀರಿಸಲು ನೋಡುತ್ತೇನೆ. ರೈಲಿನ ಸೀಸನ್ ಪಾಸ್ ಅಕ್ಕಂದಿರೇ, ನನಗೆ ಸೀಟು ಹಿಡಿದು ಕೂರುವ ನಿಮ್ಮ ಜೋರಿಗೆ ಒಂದು ಶರಣು.

"ತಾಯಿಯಾಗಿ ಹೇಗಮ್ಮಾ ಬಿಟ್ಟು ಹೋಗ್ತೀಯ?" ಅಂತ ಕೇಳಿದವರೂ ಇದ್ದರು. ಬೆಳಗಾಗುವ ಮೊದಲೇ ಮನೆ ಬಿಡುವ ನಮ್ಮವರನ್ನು ಆ ಪ್ರಶ್ನೆ ಯಾರೂ ಕೇಳಿಲ್ಲ. ಹಾಗಂತ ಪ್ರಮೋಷನ್ ಬೇಡ ಅಂದವರು, ಕೆಲಸವನ್ನೇ ಬಿಟ್ಟವರು ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ನಮಗೆ ಫಸ್ಟ್ ಶಿಫ್ಟ್ ಸಿಕ್ಕಿರದಿದ್ದರೆ, ಪಕ್ಕದ ಮನೆಯಲ್ಲಿ ಆ ಅಜ್ಜಿ ಇರದಿದ್ದರೆ ನಾನೂ ಬೇಡ ಅಂತಲೇ ಬರೆದುಕೊಡುತ್ತಿದ್ದೆ.

ಇದನ್ನು ಓದುವವರಲ್ಲಿ ಯಾರಾದರೂ ಇದೇ ಇಕ್ಕಟ್ಟಿನಲ್ಲಿದ್ದರೆ ನನಗೆ ಹೇಳಿ. ಅರ್ಜಿಯ ಪ್ರತಿ, ಆ ಎರಡು ಆದೇಶದ ಪ್ರತಿ ನನ್ನ ಹತ್ತಿರ ಇವೆ. ಮಗುವಿನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲ ಅಂದರೆ ಮೊದಲು ಅದನ್ನು ಮಾಡಿಸಿ. ಆಟಿಸಂ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ.

ಮೇಲೆ ಬಂದ ಎಲ್ಲರಿಗೂ ಬರುವ ಎರಡನೇ ಶನಿವಾರ ನಮ್ಮ ಮನೆಯಲ್ಲಿ ಊಟ. ಬ್ಯಾಂಕಿಗೂ ರಜ, ನಮ್ಮವರೂ ರಜ ಹಾಕಿದ್ದಾರೆ. ಒಟ್ಟಿಗೆ ಬಂದರೆ ಅವನಿಗೆ ಗಾಬರಿಯಾಗುತ್ತದೆ, ಹಾಗಾಗಿ ಇಬ್ಬಿಬ್ಬರಾಗಿ ಬನ್ನಿ. ಯಾರು ಎಷ್ಟು ಗಂಟೆಗೆ ಅಂತ ನಾನೇ ಫೋನ್ ಮಾಡಿ ಹೇಳುತ್ತೇನೆ.