ಆರೈಕೆಯ ಕೆಲಸಕ್ಕೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಸೋಮವಾರದಿಂದ ನಿನ್ನ ಡ್ಯೂಟಿ ಶುರು. ಕರುಣೆಯ ಬಗ್ಗೆ ನಿನಗೆ ಹೇಳಬೇಕಾದ್ದಿಲ್ಲ, ಅದು ಧಾರಾಳವಾಗಿಯೇ ಇದೆ. ನನಗೆ ಯೋಚನೆ ಇರುವುದೂ ಅಲ್ಲೇ. ಈ ಕೆಲಸದಲ್ಲಿ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುವವರೆಲ್ಲ ಕೆಟ್ಟವರಲ್ಲ. ‘ಪಾಪ, ಒಳ್ಳೇದಾಗಲಿ’ ಅಂತ ಕೇಳದೆ ಮಾಡಿದವರೂ, ‘ಯಾಕೆ ಸುಮ್ಮನೆ ಬೇಜಾರು’ ಅಂತ ಹೇಳದೆ ಬಿಟ್ಟವರೂ ಅವರಲ್ಲಿ ಇರುತ್ತಾರೆ.

ಮೊದಲು ಒಪ್ಪಿಗೆ. ಆರೈಕೆಗೆ ಬಂದವರನ್ನು ಸೇರಿಸಿಕೊಳ್ಳುವಾಗ ಅವರಿಂದ ಹಾಕಿಸಿಕೊಂಡ ಸಹಿ ಇವತ್ತಿನ ಸ್ನಾನಕ್ಕೆ ಸಾಲದು. ಏನು ಮಾಡಲಿದ್ದೀಯ ಹೇಳು, ಉತ್ತರಕ್ಕೆ ಕಾಯಿ, ಆಮೇಲೆ ಮುಟ್ಟು. ಮಾತು ಬಾರದವರೂ ಕೈ ಎಳೆದುಕೊಂಡು, ಮುಖ ತಿರುಗಿಸಿ ‘ಬೇಡ’ ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾ ಅಂತ ಕೇಳು. ಆಗಲೂ ಬೇಡವೆಂದರೆ ಬಿಟ್ಟು, ಬಿಟ್ಟಿದ್ದನ್ನು ಬರೆದಿಡು. ಮರೆವಿನ ಕಾಯಿಲೆ ಇರುವವರಿಗೆ ಬ್ಯಾಂಕಿನ ವ್ಯವಹಾರ ತಿಳಿಯದಿರಬಹುದು, ಯಾವ ಅಂಗಿ ಬೇಕೆಂಬುದು ತಿಳಿಯುತ್ತದೆ. ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಇದನ್ನೇ: ಕಾನೂನಿನ ಮುಂದೆ ಅವರೂ ಎಲ್ಲರಂತೆ, ನಿರ್ಧಾರಕ್ಕೆ ನೆರವು ಬೇಕಿದ್ದರೆ ಕೊಡಬೇಕು. ಮಗನೋ ಸೊಸೆಯೋ ‘ಹೀಗೇ ಮಾಡಿ’ ಅಂದ ಮಾತ್ರಕ್ಕೆ ಅದು ಒಪ್ಪಿಗೆಯಾಗದು. ಅವರಿಗೆ ಕಾನೂನಿನ ಪ್ರಕಾರ ಅಧಿಕಾರ ಇದೆಯಾ, ಇದ್ದರೆ ಯಾವ ವಿಷಯಕ್ಕೆ ಅಂತ ಮೇಲ್ವಿಚಾರಕರನ್ನು ಕೇಳಿಕೋ.

ಕಟ್ಟಿಹಾಕುವುದಕ್ಕೆ ಹಗ್ಗವೇ ಬೇಕಿಲ್ಲ. ಎದ್ದು ಓಡಾಡಬಲ್ಲವರ ವಾಕರ್ ಕೈಗೆಟುಕದಂತೆ ಇಡುವುದು, ಗಾಲಿಕುರ್ಚಿಯನ್ನು ಮೇಜಿಗೆ ಒತ್ತಿ ಬ್ರೇಕ್ ಹಾಕುವುದು, ಗಲಾಟೆ ಮಾಡದಿರಲಿ ಎಂದು ನಿದ್ದೆ ಮಾತ್ರೆ ಕೊಡುವುದು, ಎಲ್ಲವೂ ಅದೇ. ಮಂಚದ ಪಕ್ಕದ ಕಂಬಿಯನ್ನೂ ಯೋಚಿಸದೆ ಏರಿಸಬೇಡ. ಅದನ್ನು ಹತ್ತಿ ಇಳಿಯಲು ಹೋದವರು ಮಂಚಕ್ಕಿಂತ ಎತ್ತರದಿಂದ ಬೀಳುತ್ತಾರೆ.

ಔಷಧ ಕೊಡಲು ತರಬೇತಿಯೂ ಅನುಮತಿಯೂ ಇದ್ದರೆ ಮಾತ್ರ ಕೊಡು. ಯಾರಿಗೆ, ಯಾವುದು, ಎಷ್ಟು, ಯಾವಾಗ, ಬಾಯಿಗೋ ಕಣ್ಣಿಗೋ ಚರ್ಮಕ್ಕೋ, ಈ ಐದನ್ನೂ ಪ್ರತಿ ಸಲ ನೋಡು. ನುಂಗಿದ ಮೇಲೆ ಸಹಿ ಹಾಕು, ಮೊದಲೇ ಅಲ್ಲ. ಕೇಳದೆ ಮಾತ್ರೆ ಪುಡಿ ಮಾಡಬೇಡ: ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಅರೆದರೆ ದಿನವಿಡೀ ಇಳಿಯಬೇಕಾದದ್ದು ಒಮ್ಮೆಲೇ ಮೈಗೆ ಸೇರುತ್ತದೆ. ಅನ್ನದಲ್ಲಿ ಬಚ್ಚಿಟ್ಟು ಕೊಡುವುದಂತೂ ನೀನೊಬ್ಬಳೇ ತೀರ್ಮಾನಿಸುವ ವಿಷಯವೇ ಅಲ್ಲ.

ಇನ್ನು ದಾಖಲೆ. ಎಲ್ಲರಿಗೂ ಬೇಜಾರು ತರಿಸುವ ಈ ಕೆಲಸವೇ ಆಪತ್ತಿಗಾಗುವುದು. ‘ಅಜ್ಜಿ ಬಿದ್ದರು, ಈಗ ಪರವಾಗಿಲ್ಲ’ ಅಂತ ಬರೆದರೆ ಅದು ದಾಖಲೆಯಲ್ಲ. ಅವರು ಬಿದ್ದದ್ದನ್ನು ನೀನು ನೋಡಿದೆಯಾ? ಇಲ್ಲದಿದ್ದರೆ ಹೀಗೆ ಬರೆ: ‘ಬೆಳಿಗ್ಗೆ 6.40. ಮಂಚದ ಎಡಕ್ಕೆ ನೆಲದ ಮೇಲೆ ಕೂತಿದ್ದರು. “ಕಾಲು ಜಾರಿತು” ಅಂದರು. ಬಲ ಮೊಣಕೈ ಮೇಲೆ ಸುಮಾರು 3 ಸೆಂಟಿಮೀಟರ್ ತರಚು ಗಾಯ. 6.45ಕ್ಕೆ ನರ್ಸ್‌ಗೆ ತಿಳಿಸಿದೆ.’ ಕಂಡದ್ದು, ಕೇಳಿದ್ದು, ಮಾಡಿದ್ದು ಅಷ್ಟೇ. ‘ಹಟಮಾರಿ’ ಅಂತೆಲ್ಲ ಬೇಡ, ಅವರ ಕಡತವನ್ನು ಓದುವ ಹಕ್ಕು ಅವರಿಗೂ ಇರಬಹುದು. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ, ತಾರೀಖು, ವೇಳೆ ಹಾಕು. ವೈಟ್ನರ್ ಮುಟ್ಟಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವರ ಪಟ್ಟಿಯಲ್ಲಿ ಶಿಫ್ಟ್ ಮುಗಿಯುವಾಗ ಸಾಲಾಗಿ ಟಿಕ್ ಹಾಕುವವರನ್ನು ನೋಡುತ್ತೀಯ. ನಾಳೆ ಆ ಬೆನ್ನಿನ ಮೇಲೆ ಹುಣ್ಣು ಕಂಡರೆ, ನಿಜವಾಗಿ ಬದಲಿಸಿದ ಸಲಗಳನ್ನೂ ಯಾರೂ ನಂಬುವುದಿಲ್ಲ. ಒಂದು ಸಲ ತಪ್ಪಿದ್ದರೆ ತಪ್ಪಿತು ಅಂತ ಬರೆ, ಯಾಕೆ ಅಂತಲೂ ಬರೆ.

ಅವರ ಗುಟ್ಟು ಅವರದ್ದೇ. ಲಿಫ್ಟಿನಲ್ಲಿ, ವಾಟ್ಸಾಪಿನಲ್ಲಿ, ನನ್ನ ಹತ್ತಿರವೂ ಅವರ ಹೆಸರು ಬರಬಾರದು. ಆದರೆ ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡು’ ಅಂದರೆ ಕೊಡಬೇಡ. ‘ನಿಮಗೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ, ಯಾರಿಗೆ ಹೇಳುತ್ತೇನೆ ಅಂತ ನಿಮಗೂ ತಿಳಿಸುತ್ತೇನೆ’ ಅನ್ನು. ಮಗುವೋ ವೃದ್ಧರೋ ಹಿಂಸೆಯ ಸುದ್ದಿ ತೆಗೆದರೆ ‘ಅವನು ಹೊಡೆದನಾ?’ ಅಂತ ಕೇಳಬೇಡ, ‘ಏನಾಯಿತು?’ ಅಂತ ಕೇಳಿ ಸುಮ್ಮನಿರು. ಅವರ ಮಾತನ್ನು ಅವರ ಶಬ್ದದಲ್ಲೇ ಬರೆದುಕೋ. ನಿನ್ನ ಫೋನಿನಲ್ಲಿ ಫೋಟೋ ತೆಗೆಯಬೇಡ, ಆರೋಪಕ್ಕೆ ಗುರಿಯಾದವರನ್ನು ನೀನೇ ವಿಚಾರಿಸಬೇಡ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಸ್ನಾನ ಮಾಡಿಸಬೇಡ, ಬಟ್ಟೆ ಒಗೆಯಬೇಡ. ತಡಮಾಡದೆ ತಿಳಿಸು. ಮಕ್ಕಳ ವಿಷಯ ತಿಳಿದೂ ತಿಳಿಸದಿರುವುದು ಹಲವು ದೇಶಗಳಲ್ಲಿ ಅಪರಾಧ. ಕೆಲವು ಕಡೆ ಮೇಲ್ವಿಚಾರಕರಿಗೆ ಹೇಳಿದೆ ಅಂದರೆ ನಿನ್ನ ಹೊಣೆ ತೀರುವುದಿಲ್ಲ, ನೀನೇ ಅಧಿಕಾರಿಗಳಿಗೆ ತಿಳಿಸಬೇಕು. ನೀನು ಕೆಲಸ ಮಾಡುವಲ್ಲಿ ಯಾವ ನಿಯಮ ಅಂತ ಮೊದಲ ವಾರದಲ್ಲೇ ಕೇಳಿಕೋ.

ದುಡ್ಡಿನ ವಿಷಯ ಚಿಕ್ಕದು: ಸಾಮಾನು ತಂದರೆ ರಸೀದಿ, ಚಿಲ್ಲರೆ, ಇಬ್ಬರ ಸಹಿ. ಪಿನ್ ನಂಬರ್ ಕೇಳಿಸಿಕೊಳ್ಳಲೂ ಬೇಡ. ಉಯಿಲಿಗೆ ಸಾಕ್ಷಿ ಹಾಕಲು ಕರೆದರೆ ಆಗಲ್ಲ ಅನ್ನು.

ಕಲಿಸದ ಕೆಲಸಕ್ಕೆ ಕೈ ಹಾಕಬೇಡ. ಹಾಸಿಗೆಯಿಂದ ಎತ್ತುವ ಯಂತ್ರಕ್ಕೆ ಇಬ್ಬರು ಬೇಕು ಅಂತ ಅವರ ಆರೈಕೆಯ ಯೋಜನೆಯಲ್ಲಿ ಬರೆದಿದ್ದರೆ, ಆ ದಿನ ಎಷ್ಟೇ ಜನ ಕಡಿಮೆ ಇದ್ದರೂ ಒಬ್ಬಳೇ ಎತ್ತಬೇಡ. ‘ಇನ್ನೊಬ್ಬರು ಬರುವವರೆಗೆ ಆಗುವುದಿಲ್ಲ’ ಅಂತ ಹೇಳಿ, ಹೇಳಿದ ವೇಳೆಯನ್ನೂ ಬರೆದಿಡು.

ನಿನ್ನ
ಅಮ್ಮ